ಇಂಟರ್ಫೇಸ್‌ನಾಗ ಕೋಡೇ ಇರಂಗಿಲ್ಲ ಅಂದ್ರ ಅದನ್ನ ಬರಿಯೂದು ಯಾಕ?

ಜಾವಾದ ಇಂಟರ್ಫೇಸ್‌ನಾಗ ಬರೇ ಮೆಥಡ್ ಹೆಸರು ಇರ್ತಾವು, ಕೋಡ್ ಹೆಂಗೂ ಕ್ಲಾಸ್‌ನಾಗ ನಾನೇ ಬರೀಬೇಕು, ಮತ್ತ ಒಂದು ಫೈಲ್ ಹೆಚ್ಚಿಗಿ ಯಾಕ ಅಂತ ಕೇಳೀರಿ. ಕ್ಲಾಸ್ ಬರಿಯೋರ ಕಡಿಂದ ನೋಡಿದ್ರ ನೀವು ಹೇಳೂದು ಖರೇನ ಐತ್ರಿ. ಆದ್ರ ಇಂಟರ್ಫೇಸ್‌ನ ಲಾಭ ಸಿಗೂದು ಆ ಕ್ಲಾಸನ್ನ ಬಳಸೋ ಕೋಡಿಗೆ. ಪುಸ್ತಕದಾಗ ಅನಿಮಲ್, ಡಾಗ್, ಕ್ಯಾಟ್ ಅಂತ ಉದಾಹರಣೆ ಕೊಟ್ಟು ಬಿಟ್ಟಿರ್ತಾರ, ಅವನ್ನ ಬಳಸೋ ಕೋಡ್ ತೋರಸಂಗೇ ಇಲ್ಲ, ಹಿಂಗಾಗಿ ಹುಡುಗರಿಗೆ ತಿಳಿಯಂಗಿಲ್ಲ.

ನಾನು ವಿಜಯಪುರದಾಗ ಒಣದ್ರಾಕ್ಷಿ ಇಡೋ ಕೋಲ್ಡ್ ಸ್ಟೋರೇಜ್‌ನೋರಿಗೆ ಜಾವಾದಾಗ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀನ್ರಿ. ರೈತರು ಮಾಲು ಇಟ್ಟಕೂಡಲೇ ಎಷ್ಟು ಬಾಕ್ಸ್, ಲಾಟ್ ನಂಬರ್ ಏನು ಅಂತ ಅವರಿಗೆ ಮೆಸೇಜ್ ಹೋಗಬೇಕು. ಬಟನ್ ಫೋನ್ ಇದ್ದೋರಿಗೆ ಎಸ್ಸೆಮ್ಮೆಸ್, ಉಳಿದೋರಿಗೆ ವಾಟ್ಸಾಪ್. ಎಸ್ಸೆಮ್ಮೆಸ್ ಅಂದ್ರ ಟೆಂಪ್ಲೇಟ್ ಮೊದಲೇ ಡಿಎಲ್‌ಟಿಯಾಗ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ರಿಜಿಸ್ಟರ್ ಆಗಿರಬೇಕು, ವಾಟ್ಸಾಪ್‌ದು ಅದರದೇ ಟೋಕನ್ನು ಅದರದೇ ಎಪಿಐ, ಈ ರಗಳಿ ಎಲ್ಲಾ ತಂದು ಬಿಲ್ ಮಾಡೋ ಕ್ಲಾಸ್‌ನಾಗ ತುಂಬಿದ್ರ ಇಫ್-ಎಲ್ಸ್ ಬೆಳಕೋತ ಹೋಗತೈತಿ, ನಾಳೆ ಮತ್ತೊಂದು ಬಂದ್ರ ಚಲೋ ನಡ್ಯಾಕತ್ತಿದ್ದ ಬಿಲ್ಲಿಂಗ್ ಕೋಡಿಗೆ ಕೈ ಹಚ್ಚಬೇಕಾಗತೈತಿ. ಅದಕ್ಕ ಮೆಸೇಜ್‌ಸೆಂಡರ್ ಅಂತ ಒಂದು ಇಂಟರ್ಫೇಸ್ ಇಟ್ಟೀನಿ. ಅದರಾಗ ಒಂದೇ ಮೆಥಡ್, ಸೆಂಡ್. ಫೋನ್ ನಂಬರ್ ಮತ್ತ ಕಳಸಬೇಕಾದ ಮಾತು, ಇವೆರಡೇ ತಗೋತೈತಿ. ಎಸ್ಸೆಮ್ಮೆಸ್ಸಿಗೊಂದು ಕ್ಲಾಸ್, ವಾಟ್ಸಾಪಿಗೊಂದು ಕ್ಲಾಸ್, ಎರಡೂ ಅದನ್ನ ಇಂಪ್ಲಿಮೆಂಟ್ ಮಾಡ್ತಾವು, ಯಾವ ರೈತರಿಗೆ ಯಾವ್ದು ಅನ್ನೂದು ಒಂದೇ ಕಡೆ ಇರತೈತಿ, ಬಿಲ್ ಕೋಡಿಗೆ ಅದರ ಗೊಡವಿ ಇಲ್ಲ. ಟೆಸ್ಟ್ ಮಾಡೂಮುಂದ ಮೂರನೇದೊಂದು ಕ್ಲಾಸ್ ಕೊಡ್ತೀನಿ, ಅದು ಏನೂ ಕಳಸಂಗಿಲ್ಲ, ಬಂದ ಮೆಸೇಜನ್ನ ಲಿಸ್ಟ್‌ನಾಗ ಕೂಡಿಸಿ ಇಡತೈತಿ ಅಷ್ಟೇ. ನೆಟ್ ಬ್ಯಾಡ, ಯಾವ ರೈತರಿಗೂ ಸುಳ್ಳು ಮೆಸೇಜ್ ಹೋಗಂಗಿಲ್ಲ. ಇದೊಂದು ಅನುಕೂಲದ ಸಲುವಾಗೇ ಇಂಟರ್ಫೇಸ್ ಬರೀಬಹುದು ಅಂತೀನಿ ನಾನು.

ನೀವು ಈಗಾಗಲೇ ಇಂಟರ್ಫೇಸ್ ಬಳಸಾಕತ್ತೀರಿ, ಅದು ಗೊತ್ತೈತೇನ್ರಿ? ಲಿಸ್ಟನ್ನ ಕ್ರಮಕ್ಕ ಹಚ್ಚೋ ಕಲೆಕ್ಷನ್ಸ್ ಡಾಟ್ ಸಾರ್ಟ್ ಬಂದಿದ್ದು 1998ರಾಗ, ಜಾವಾ 1.2ರ ಜೋಡಿ. ನೀವು ಇವತ್ತ ಬರೆದ ಸ್ಟೂಡೆಂಟ್ ಕ್ಲಾಸನ್ನ ಅದು ಹೆಂಗ ಸಾರ್ಟ್ ಮಾಡತೈತಿ? ನಿಮ್ಮ ಕ್ಲಾಸ್ ಬಗ್ಗೆ ಅದಕ್ಕ ಏನೂ ಗೊತ್ತಿಲ್ಲ, ಮಾರ್ಕ್ಸ್ ಐತೋ ಯುಎಸ್ಎನ್ (ವಿದ್ಯಾರ್ಥಿ ನಂಬರ್) ಐತೋ ಗೊತ್ತಿಲ್ಲ, ಕಂಪೇರಬಲ್ ಅನ್ನೋ ಇಂಟರ್ಫೇಸ್‌ನ ಎರಡರಾಗ ಯಾವ್ದು ಮೊದಲು ಅಂತ ಹೇಳೋ ಕಂಪೇರ್‌ಟು ಮೆಥಡ್ ಒಂದು ಇದ್ರ ಸಾಕು ಅದಕ್ಕ. ಹಳೇ ಕೋಡ್ ಮುಂದ ಯಾರೋ ಬರಿಯೂ ಹೊಸಾ ಕೋಡನ್ನ ಕರಿಯಾಕ ಸಾಧ್ಯ ಆಗಿದ್ದು ಹಿಂಗ, ಮತ್ತ ನನಗಂತೂ ಇಂಟರ್ಫೇಸ್‌ನಾಗ ಭಾಳ ಸೇರೋದು ಇದೇ. ಜಾವಾದಿಂದ ಡೇಟಾಬೇಸ್ ಬಳಸಾಕ ಇರೋ ಜೆಡಿಬಿಸಿನೂ ಹಂಗೇ. ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಎಲ್ಲಾ ಇಂಟರ್ಫೇಸ್‌ಗಳೇ, ಒಳಗಿನ ಕೋಡ್ ಬರೋದು ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡ್ರೈವರ್‌ನಿಂದ.

ಅಬ್‌ಸ್ಟ್ರ್ಯಾಕ್ಟ್ ಕ್ಲಾಸಿಗೂ ಇದಕ್ಕೂ ಏನು ಫರಕು ಅಂತನೂ ಕೇಳೀರಿ. ಆಬ್ಜೆಕ್ಟಿಗೆ ಸೇರಿದ ಫೀಲ್ಡ್, ಕನ್‌ಸ್ಟ್ರಕ್ಟರ್ ಬೇಕಂದ್ರ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್, ಆದ್ರ ಒಂದನ್ನೇ ಎಕ್ಸ್‌ಟೆಂಡ್ ಮಾಡಬಹುದು. ಇಂಟರ್ಫೇಸ್ ಎಷ್ಟರ ಇಂಪ್ಲಿಮೆಂಟ್ ಮಾಡ್ರಿ, ನಡೀತೈತಿ. 'ಇಂಟರ್ಫೇಸ್‌ನಾಗ ಕೋಡೇ ಇರಂಗಿಲ್ಲ' ಅನ್ನೂದು ಈಗ ಪೂರ್ತಿ ಖರೆ ಅಲ್ಲ, 2014ರಾಗ ಜಾವಾ 8 ಬಂದಾಗಿಂದ ಡಿಫಾಲ್ಟ್ ಮೆಥಡ್, ಅಂದ್ರ ಇಂಟರ್ಫೇಸ್‌ನಾಗೇ ಕೋಡ್ ಇರೋ ಮೆಥಡ್, ಬರೀಬಹುದು. ಹಳೇ ಕಲೆಕ್ಷನ್ ಇಂಟರ್ಫೇಸಿಗೆ ಸ್ಟ್ರೀಮ್ ಮೆಥಡ್ ಸೇರಸಬೇಕಿತ್ತು, ಸುಮ್ಮನ ಸೇರಿಸಿದ್ರ ಅದನ್ನ ಇಂಪ್ಲಿಮೆಂಟ್ ಮಾಡಿದ ಎಲ್ಲಾರ ಕ್ಲಾಸೂ ಕಂಪೈಲ್ ಆಗದಂಗ ನಿಂತುಬಿಡ್ತಿದ್ವು, ಅದಕ್ಕ ಆ ದಾರಿ ಹಿಡಿದ್ರು.

ಹಂಗಂತ ಪ್ರತಿಯೊಂದು ಕ್ಲಾಸಿಗೂ ಒಂದೊಂದು ಇಂಟರ್ಫೇಸ್ ಬರಕೋತ ಕುಂದರಬ್ಯಾಡ್ರಿ. ಒಂದೇ ಕ್ಲಾಸ್ ಇದ್ದು, ಟೆಸ್ಟಿಗೂ ಬ್ಯಾರೆ ಬೇಕಾಗದಿದ್ರ ಆ ಫೈಲ್ ಖರೇನ ದಂಡ. ಎರಡನೇ ಕ್ಲಾಸ್ ಬರೂಮುಂದ ಇಂಟರ್ಫೇಸ್ ಬರದ್ರೂ ತಡ ಏನಾಗಂಗಿಲ್ಲ.

ಇನ್ನ ಇಂಟರ್ಫೇಸ್ ಇಂಪ್ಲಿಮೆಂಟ್ ಮಾಡಿದ ಕ್ಲಾಸ್ ಕಂಪೈಲ್ ಮಾಡೂಮುಂದ ನಿಮಗ ಬರಾಕತ್ತೈತಿ ಅಂದಿದ್ದ 'ವೀಕರ್ ಆಕ್ಸೆಸ್' ಎರರ್ ಸಣ್ಣದ್ರಿ. ಇಂಟರ್ಫೇಸ್‌ನಾಗಿನ ಮೆಥಡ್ ನೀವು ಬರೀದಿದ್ರೂ ಪಬ್ಲಿಕ್ಕೇ ಇರತೈತಿ, ಕ್ಲಾಸ್‌ನಾಗ ಹಂಗ ತಿಳಕೋಳಂಗಿಲ್ಲ, ಅಲ್ಲಿ ಮೆಥಡ್ ಮುಂದ ಪಬ್ಲಿಕ್ ಅಂತ ನೀವೇ ಹಾಕ್ರಿ, ಕಂಪೈಲ್ ಆಗತೈತಿ.