ವಾಸನೆಯೇ ಇಲ್ಲದಾಗಲೂ ಘ್ರಾಣ ನರಕೋಶಗಳು ಏಕೆ ಮಿಡಿಯುತ್ತವೆ?

ಇಲಿಗೆ ಶುದ್ಧ ಗಾಳಿಯನ್ನಷ್ಟೇ ಉಸಿರಾಡಲು ಕೊಟ್ಟಾಗಲೂ ಅದರ ಘ್ರಾಣ ನರಕೋಶಗಳು ವಿದ್ಯುತ್ ಮಿಡಿತಗಳನ್ನು ಹೊರಡಿಸುತ್ತಲೇ ಇರುವುದನ್ನು ಓದಿ, ಅದು ಉಪಕರಣದ ಗದ್ದಲವೋ ಅಥವಾ ನರಕೋಶಗಳದ್ದೇ ಕೆಲಸವೋ ಎಂದು ಕೇಳಿದ್ದೀರಿ. ಅದು ನರಕೋಶಗಳದ್ದೇ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಅದನ್ನು ಗದ್ದಲವೆಂದು ಕರೆಯುವುದೇ ಸರಿಯಲ್ಲ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಎಡ್ಗರ್ ಏಡ್ರಿಯನ್ 1950ರಷ್ಟು ಹಿಂದೆಯೇ, ಆಲ್‌ಫ್ಯಾಕ್ಟರಿ ಬಲ್ಬ್ (ಮೂಗಿನ ಸಂದೇಶಗಳು ಮೊದಲು ತಲುಪುವ ಮಿದುಳಿನ ಭಾಗ) ತಾನಾಗಿ ತೋರುವ ಚಟುವಟಿಕೆಯನ್ನೂ ವಾಸನೆಯಿಂದ ಏಳುವ ಚಟುವಟಿಕೆಯನ್ನೂ ಬೇರೆಬೇರೆಯಾಗಿ ಗುರುತಿಸಿದ್ದರು.

ಇದರ ಒಂದು ಮೂಲ ಮೂಗಿನಲ್ಲೇ ಇದೆ. ಅಲ್ಲಿನ ಸಂವೇದಕ ಕೋಶಗಳ ಗ್ರಾಹಕ ಪ್ರೋಟೀನುಗಳು ವಾಸನೆಯ ಅಣು ತಾಗದಿದ್ದರೂ ಆಗೊಮ್ಮೆ ಈಗೊಮ್ಮೆ ತಾವಾಗಿಯೇ ಸಕ್ರಿಯ ರೂಪಕ್ಕೆ ಹೊರಳುತ್ತವೆ. ಗ್ರಾಹಕ ಯಾವುದು ಎಂಬುದರ ಮೇಲೆ ಈ ಮಿಡಿತದ ವೇಗ ನಿಂತಿದೆ. ಇವುಗಳಲ್ಲಿ ಹಲವು ಕೋಶಗಳು ಗಾಳಿಯ ಒತ್ತಡಕ್ಕೂ ಸ್ಪಂದಿಸುವುದರಿಂದ ಉಸಿರಾಟದ ಲಯವೂ ಇದರೊಂದಿಗೆ ಬೆರೆಯುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಬಲ್ಬ್‌ನೊಳಗಿನ ಎಕ್ಸ್‌ಟರ್ನಲ್ ಟಫ್ಟೆಡ್ ಕೋಶಗಳೆಂಬ ಒಂದು ಬಗೆಯ ನರಕೋಶಗಳು. ಮೂಗಿನ ಸಂಪರ್ಕವನ್ನು ಪೂರ್ತಿ ಕಡಿದು, ಮಿದುಳಿನ ತೆಳುವಾದ ಸ್ಲೈಸನ್ನು ದ್ರಾವಣದಲ್ಲಿಟ್ಟು, ಅಕ್ಕಪಕ್ಕದ ಕೋಶಗಳಿಂದ ಬರುವ ರಾಸಾಯನಿಕ ಸಂದೇಶಗಳನ್ನೂ ಔಷಧದಿಂದ ತಡೆದ ಮೇಲೂ ಇವು ಗುಂಪುಗುಂಪಾಗಿ ಮಿಡಿಯುತ್ತವೆ. ಸಣ್ಣದಾಗಿ ಸೋರುತ್ತಲೇ ಇರುವ ಸೋಡಿಯಂ ಪ್ರವಾಹವು ಕೋಶಪೊರೆಯ ವೋಲ್ಟೇಜನ್ನು ನಿಧಾನವಾಗಿ ಮೇಲೇರಿಸಿ ಮಿಡಿತ ಹೊರಡುವ ಹೊಸ್ತಿಲನ್ನು ದಾಟಿಸುತ್ತದೆ, ಒಂದರ ಹಿಂದೊಂದು ಕೆಲವು ಮಿಡಿತಗಳು ಹೊರಡುತ್ತವೆ, ಪೊಟ್ಯಾಸಿಯಂ ಪ್ರವಾಹಗಳು ವೋಲ್ಟೇಜನ್ನು ಕೆಳಕ್ಕೆಳೆದು ಆ ಗುಂಪನ್ನು ಮುಗಿಸುತ್ತವೆ. ವೋಲ್ಟೇಜ್ ಇಳಿದಾಗಲೇ ತೆರೆದುಕೊಳ್ಳುವ ಮತ್ತೊಂದು ಬಗೆಯ ವಾಹಿನಿಗಳು (ಕೋಶಪೊರೆಯಲ್ಲಿ ಅಯಾನುಗಳು ಹಾಯುವ ದ್ವಾರಗಳು) ಅದನ್ನು ಪುನಃ ಮೇಲಕ್ಕೆ ತಳ್ಳುತ್ತವೆ. ಸೆಕೆಂಡಿಗೆ ಒಂದರಿಂದ ಕೆಲವು ಬಾರಿ ನಡೆಯುವ ಈ ಸುತ್ತು, ಇಲಿ ಉಸಿರಾಡುವ ಮತ್ತು ಮೂಸುವ ವೇಗಕ್ಕೆ ಹತ್ತಿರದಲ್ಲೇ ಇದೆ.

ಇದರಿಂದ ಪ್ರಯೋಜನವೇನು? ಬಲ್ಬ್‌ನಿಂದ ಮುಂದಕ್ಕೆ ಸಂದೇಶ ಒಯ್ಯುವ ಮೈಟ್ರಲ್ ಕೋಶಗಳಲ್ಲಿ ಹಲವು, ಕೆಲವು ವಾಸನೆಗಳಿಗೆ ಮಿಡಿತವನ್ನು ಹೆಚ್ಚಿಸುವ ಬದಲು ತಗ್ಗಿಸುತ್ತವೆ. ಪೂರ್ತಿ ನಿಲ್ಲಿಸಿದ ನಲ್ಲಿಯಲ್ಲಿ ನೀರನ್ನು ಇನ್ನಷ್ಟು ಕಡಿಮೆ ಮಾಡಲಾಗುವುದಿಲ್ಲ. ಮೊದಲೇ ಮಿಡಿಯುತ್ತಿರುವ ಕೋಶ ಮಾತ್ರ ಇಳಿಕೆಯನ್ನೂ ಸಂದೇಶವಾಗಿ ಕಳಿಸಬಲ್ಲದು.

ಇನ್ನೂ ಗಟ್ಟಿಯಾದ ಸಾಕ್ಷ್ಯ 2004ರಲ್ಲಿ ಅಮೆರಿಕದ ನರವಿಜ್ಞಾನಿ ರಿಚರ್ಡ್ ಆಕ್ಸೆಲ್ ಅವರ ತಂಡದಿಂದ ಬಂದಿತು. ಒಂದೇ ಗ್ರಾಹಕವುಳ್ಳ ಸಂವೇದಕ ಕೋಶಗಳ ತಂತುಗಳೆಲ್ಲ ಬಲ್ಬ್‌ನ ನಿರ್ದಿಷ್ಟ ಗ್ಲೊಮೆರುಲಸ್‌ಗಳಿಗೇ, ಅಂದರೆ ನರತಂತುಗಳು ಕೂಡುವ ಪುಟ್ಟ ಉಂಡೆಗಳಿಗೇ, ಹೋಗಿ ಸೇರುತ್ತವೆ. ಇಲಿಮರಿಗಳ ಬಹುಪಾಲು ಸಂವೇದಕ ಕೋಶಗಳಲ್ಲಿ ಹೆಚ್ಚುವರಿ ಪೊಟ್ಯಾಸಿಯಂ ವಾಹಿನಿಗಳನ್ನು ತುಂಬಿ ತಾನಾಗಿ ನಡೆಯುವ ಮಿಡಿತವನ್ನು ಅಡಗಿಸಿದಾಗ ಈ ಜೋಡಣೆಯ ನಕ್ಷೆಯೇ ಕೆಟ್ಟಿತು. ಅಂದರೆ ವಾಸನೆಗಳನ್ನು ವಿಂಗಡಿಸುವ ವ್ಯವಸ್ಥೆ ರೂಪುಗೊಳ್ಳಲು ಮತ್ತು ಉಳಿಯಲು ಈ ಮಿಡಿತವೇ ಬೇಕು.

ನೀವು ಮುಂದೆ ಇಂಥ ಪ್ರಬಂಧಗಳನ್ನು ಓದುವಾಗ ಪ್ರಾಣಿ ಎಚ್ಚರವಿತ್ತೇ, ಅರಿವಳಿಕೆಯಲ್ಲಿತ್ತೇ ಎಂಬುದನ್ನು ಮೊದಲು ನೋಡಿರಿ. ಎಚ್ಚರದ ಇಲಿಯಲ್ಲಿ ಮೈಟ್ರಲ್ ಕೋಶಗಳು ತಾವಾಗಿ ಮಿಡಿಯುವ ವೇಗ ಹೆಚ್ಚು, ಆ ಹಿನ್ನೆಲೆಯ ಮೇಲೆ ವಾಸನೆಯಿಂದಾಗುವ ಬದಲಾವಣೆ ಚಿಕ್ಕದಾಗಿ ಕಾಣುತ್ತದೆ. ಅರಿವಳಿಕೆ ಆ ಹಿನ್ನೆಲೆಯನ್ನು ತಗ್ಗಿಸುವುದರಿಂದ ಅದೇ ಪ್ರತಿಕ್ರಿಯೆ ದೊಡ್ಡದಾಗಿ ತೋರುತ್ತದೆ. ಹೀಗಾಗಿ ಇವೆರಡರ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿರಿ.