37 ಹೊಡೆತ, ಸೊನ್ನೆ ಗೋಲು

ಪ್ರಶ್ನೆ: ಹೊರಗೆ ಹೋಗಿ ಗೆದ್ದು ಬರುವ ದೊಡ್ಡ ತಂಡ, ತವರಿನಲ್ಲಿ ಸಣ್ಣ ತಂಡಗಳೆದುರು ಡ್ರಾ ಮಾಡಿಕೊಂಡು ಕೂರುತ್ತದೆ. ಆಟಗಾರರಿಗೆ ಛಲವಿಲ್ಲವೇ?

ಛಲ, ಕೆಚ್ಚು ಎಂಬ ಮಾತುಗಳಿಲ್ಲದೆ ಈ ಪ್ರಶ್ನೆ ನನ್ನ ಬಳಿ ಬಂದದ್ದೇ ಇಲ್ಲ. ಅವನ್ನು ಬದಿಗಿಟ್ಟು ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ 2016–17ರ ಲೆಕ್ಕ ನೋಡಿ. ತವರು ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಆಡಿದ 19 ಲೀಗ್ ಪಂದ್ಯಗಳಲ್ಲಿ ಸೋತದ್ದು ಒಂದೇ. ಗೆದ್ದದ್ದು ಮಾತ್ರ 8, ಉಳಿದ ಹತ್ತೂ ಡ್ರಾ. ತವರಿನಲ್ಲಿ 26 ಗೋಲು, ಹೊರಗೆ 28. ಲೀಗಿನಲ್ಲಿ ಆರನೆಯ ಸ್ಥಾನ. ಅದೇ ವರ್ಷ ಯುರೋಪಾ ಲೀಗನ್ನೂ ಲೀಗ್ ಕಪ್ಪನ್ನೂ ಗೆದ್ದ ತಂಡಕ್ಕೆ ಛಲದ ಪಾಠ ಹೇಳಲು ನಾವು ಯಾರು?

ಕಾರಣ ಮೈದಾನದ ಖಾಲಿ ಜಾಗದಲ್ಲಿದೆ. ಹೊರಗಿನ ಪಂದ್ಯದಲ್ಲಿ ಆತಿಥೇಯರು ತಮ್ಮ ಜನರೆದುರು ಮುಂದೆ ನುಗ್ಗುತ್ತಾರೆ, ಬೆನ್ನ ಹಿಂದೆ ಜಾಗ ಬಿಡುತ್ತಾರೆ. ವೇಗದ ಮುನ್ಪಡೆಗೆ ಅಷ್ಟು ಸಾಕು. ಅದೇ ತಂಡ ಓಲ್ಡ್ ಟ್ರಾಫರ್ಡ್‌ಗೆ ಬಂದಾಗ ನಾಲ್ಕು ನಾಲ್ಕು ಜನರ ಎರಡು ಸಾಲು ಕಟ್ಟಿ ಪೆನಾಲ್ಟಿ ಪ್ರದೇಶದ ಬಾಯಲ್ಲೇ ನಿಲ್ಲುತ್ತದೆ. ಓಡಲು ಜಾಗವೇ ಇಲ್ಲದ ಮೇಲೆ ವೇಗವನ್ನು ಏನು ಮಾಡುವುದು? ಚೆಂಡು ಈ ಬದಿಯಿಂದ ಆ ಬದಿಗೆ ಸುತ್ತುತ್ತದೆ; ಕೊನೆಗೆ ಬೇಸತ್ತವನೊಬ್ಬ ದೂರದಿಂದ ಹೊಡೆಯುತ್ತಾನೆ. ಬರ್ನ್‌ಲಿ ವಿರುದ್ಧ ಹೀಗೆ 37 ಹೊಡೆತಗಳಾದವು, ಬರ್ನ್‌ಲಿಯ ಗೋಲ್‌ಕೀಪರ್ ಟಾಮ್ ಹೀಟನ್ ಆ ದಿನದ ಹೀರೋ ಆದ, ಪಂದ್ಯ 0–0. ಹೊಡೆತಗಳ ಸಂಖ್ಯೆ ತೋರಿಸಿ ‘ದುರದೃಷ್ಟ’ ಎನ್ನುವವರು ಅವು ಎಲ್ಲಿಂದ ಬಂದವು ಎಂದು ಯಾಕೆ ಕೇಳುವುದಿಲ್ಲವೋ ನಾನು ಕಾಣೆ. ಮುಂದಿರುವ ಕಾಲುಗಳ ಕಾಡಿನ ಮೂಲಕ ಹೊಡೆದ ಹತ್ತು ಚೆಂಡುಗಳಿಗಿಂತ ಗೋಲಿನೆದುರು ಬಿಡುವಾಗಿ ಸಿಕ್ಕ ಒಂದು ಚೆಂಡು ಮೇಲು.

ಇನ್ನೊಂದು ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ: ಎರಡನೆಯ ಗೋಲು ಬಾರದಿರುವುದು. ಸ್ಟೋಕ್ ವಿರುದ್ಧ ಮುಂದಿದ್ದು 82ನೆಯ ನಿಮಿಷದಲ್ಲಿ, ಆರ್ಸೆನಲ್ ವಿರುದ್ಧ ಮುಂದಿದ್ದು 89ನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟರು. ಸ್ವಾನ್ಸಿ ಜೊತೆಗೂ ಇದೇ ಕತೆ. ಬೋರ್ನ್‌ಮತ್ ಇಡೀ ದ್ವಿತೀಯಾರ್ಧ ಹತ್ತೇ ಜನರೊಂದಿಗೆ ಆಡಿತು. ಯುನೈಟೆಡ್‌ನ ಇಬ್ರಾಹಿಮೊವಿಚ್ ಹೊಡೆದ ಪೆನಾಲ್ಟಿಯನ್ನು ಅವರ ಗೋಲ್‌ಕೀಪರ್ ಬೊರುಕ್ ತಡೆದ, 1–1. 1–0 ಎಂಬುದು ಮುನ್ನಡೆಯೇ ಅಲ್ಲ, ಎದುರಾಳಿಯ ಒಂದು ಫ್ರೀ ಕಿಕ್‌ಗೆ ಬರೆದುಕೊಟ್ಟ ಸಾಲಪತ್ರ.

ಮದ್ದು? ಪಾಸ್ ಬೇಗ ಸಾಗಬೇಕು, ಅಂಚಿನ ಆಟಗಾರ ಗೆರೆಯ ಮೇಲೆಯೇ ಉಳಿದು ಎದುರಾಳಿಯ ಸಾಲನ್ನು ಹಿಗ್ಗಿಸಬೇಕು, ಮೊದಲ ಗೋಲು ಬೇಗ ಬರಬೇಕು. ಆದರೆ ಎಲ್ಲರನ್ನೂ ಮುಂದಕ್ಕೆ ಅಟ್ಟಬೇಡಿ. ಹಿಂದೆ ಇಬ್ಬರು ಸಾಲದು, ಮೂವರಿರಲಿ. ಇದನ್ನು ಹೇಡಿತನ ಎನ್ನುವವರು ಎನ್ನಲಿ.

ಪ್ರಶ್ನೆ: ಹೊಸ ಕ್ರೀಡಾಂಗಣಕ್ಕೆ ಹೋದ ತಂಡ ಗೆಲ್ಲದಿದ್ದರೆ ವಾಸ್ತುದೋಷ ಇರಬಹುದೇ?

ಈ ರೋಗ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ತಂಡ 2001ರಲ್ಲಿ ಸೇಂಟ್ ಮೇರೀಸ್ ಎಂಬ ಹೊಸ ಕ್ರೀಡಾಂಗಣಕ್ಕೆ ಹೋದಾಗ ಲೀಗಿನ ಮೊದಲ ತವರು ಗೆಲುವಿಗೆ ನವೆಂಬರ್‌ವರೆಗೆ ಕಾಯಬೇಕಾಯಿತು. ಶಾಂತಿ ಪೂಜೆಯನ್ನು ಹೋಲುವ ವಿಧಿಯೂ ಅಲ್ಲಿ ನಡೆಯಿತು. ನಂತರ ಗೆದ್ದರು, ಪೂಜಾರಿಣಿಗೆ ಹೆಸರು ಬಂತು. ಅಕ್ಟೋಬರ್‌ನಲ್ಲಿ ಗಾರ್ಡನ್ ಸ್ಟ್ರಾಚನ್ ಎಂಬ ಹೊಸ ಮ್ಯಾನೇಜರ್ ಬಂದಿದ್ದನ್ನು ಭಕ್ತರು ಮರೆತರು. ವಾಸ್ತುವಿನವರಿಗೆ ಕೊಡುವ ಹಣದಲ್ಲಿ ಹುಲ್ಲು ಕತ್ತರಿಸುವ ಒಳ್ಳೆಯ ಯಂತ್ರ ಕೊಳ್ಳಿ.

ಪ್ರಶ್ನೆ: ಪ್ರೇಕ್ಷಕರ ಒತ್ತಡವೇ ಕಾರಣವಾದರೆ ಖಾಲಿ ಮೈದಾನದಲ್ಲಿ ಆಡಿಸಬಾರದೇಕೆ?

ಆಡಿಸಿ ನೋಡಿಯಾಗಿದೆ. ಕೋವಿಡ್ ಕಾಲದಲ್ಲಿ ಬಹುಪಾಲು ಖಾಲಿ ಗ್ಯಾಲರಿಗಳೆದುರು ನಡೆದ 2020–21ರ ಪ್ರೀಮಿಯರ್ ಲೀಗ್‌ನಲ್ಲಿ ತವರಿನವರು 144 ಪಂದ್ಯ ಗೆದ್ದರು, ಬಂದವರು 153.

ಪ್ರಶ್ನೆ: ನಮ್ಮ ಶಾಲೆಯ ಹುಡುಗರಿಗೆ ನಿತ್ಯ ದೂರದಿಂದ ಹೊಡೆಯುವ ಅಭ್ಯಾಸ ಮಾಡಿಸಲೇ?

ಬೇಡ. ಹಾಗೆ ಹೊಡೆದು ಹೊಡೆದು ತೊಡೆಸಂದು ಹಿಡಿದುಕೊಂಡು ಕುಂಟುವ ಹುಡುಗರನ್ನು ಸಾಕಷ್ಟು ನೋಡಿದ್ದೇನೆ.