ಸೋಗೆ ಹೊತ್ತ ನವಿಲು, ಸಾಯದ ಜಿಗಿಹುಳು: ಜೀವವಿಕಾಸದ ಬಗ್ಗೆ ಓದುಗರ ಪ್ರಶ್ನೆಗಳು

ಮೈಸೂರು, ಮಂಡ್ಯ ಭಾಗದ ಓದುಗರು ಪ್ರಾಣಿಗಳ ವಿಕಾಸದ ಬಗ್ಗೆ ಕೇಳಿರುವ ಐದು ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮೂರು ವರ್ಷದ ಹಿಂದೆ ಒಂದು ಸಲ ಔಷಧಿ ಹೊಡೆದರೆ ಭತ್ತದ ಕಂದು ಜಿಗಿಹುಳು ಉದುರಿ ಹೋಗುತ್ತಿತ್ತು. ಈಗ ಅದೇ ಔಷಧಿಯನ್ನು ಎರಡು ಪಟ್ಟು ಹಾಕಿದರೂ ಬಗ್ಗುತ್ತಿಲ್ಲ. ಹುಳುವಿಗೆ ಔಷಧಿ ಅಭ್ಯಾಸವಾಗಿಬಿಟ್ಟಿದೆಯೇ? (ಪಾಂಡವಪುರ ತಾಲ್ಲೂಕಿನ ರೈತರು)

ಉತ್ತರ: ಅಭ್ಯಾಸವಾಗಿಲ್ಲ. ಔಷಧಿ ಬಿದ್ದ ಹುಳು ಒಂದೋ ಸಾಯುತ್ತದೆ, ಇಲ್ಲವೇ ಉಳಿಯುತ್ತದೆ. ಅದು ಪಾಠ ಕಲಿತು ಗಟ್ಟಿಯಾಗುವುದಿಲ್ಲ. ನಿಮ್ಮ ಗದ್ದೆಯಲ್ಲಿ ಬದಲಾಗಿರುವುದು ಒಂದೊಂದು ಹುಳುವಲ್ಲ, ಯಾವ ಬಗೆಯ ಹುಳು ಎಷ್ಟಿದೆ ಎಂಬ ಲೆಕ್ಕ.

ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳು ವಿಷಯ ತಿಳಿಯಲೆಂದು ನಾವೇ ಇಟ್ಟುಕೊಂಡವು. ಗದ್ದೆಯಲ್ಲಿ 1 ಲಕ್ಷ ಹುಳುಗಳಿವೆ. ಅವುಗಳಲ್ಲಿ 100ಕ್ಕೆ ಮಾತ್ರ, ವಿಷವನ್ನು ಮೈಯೊಳಗೇ ಒಡೆದುಹಾಕುವ ಕಿಣ್ವ ಹುಟ್ಟಿನಿಂದಲೇ ಹೆಚ್ಚಾಗಿದೆ. ಔಷಧಿ ಸಾಮಾನ್ಯ ಹುಳುಗಳಲ್ಲಿ 100ಕ್ಕೆ 99ನ್ನು ಕೊಲ್ಲುತ್ತದೆ, ಈ ಗಟ್ಟಿ ಹುಳುಗಳಲ್ಲಿ 100ಕ್ಕೆ 20ನ್ನು ಮಾತ್ರ. ಮೊದಲ ಸಿಂಪಡಣೆ ಆದ ಮೇಲೆ ಉಳಿಯುವುದು ಸುಮಾರು 1,000 ಸಾಮಾನ್ಯ ಹುಳು, 80 ಗಟ್ಟಿ ಹುಳು. ಗದ್ದೆ ಸ್ವಚ್ಛವಾಯಿತೆಂದು ನಿಮಗೆ ಸಮಾಧಾನ. ಆದರೆ ಸಾವಿರಕ್ಕೆ ಒಂದಿದ್ದ ಗಟ್ಟಿ ಹುಳುವಿನ ಪಾಲು ಈಗ ನೂರಕ್ಕೆ 7 ದಾಟಿದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ತಿಂಗಳೊಳಗೆ ಹೊಸ ಪೀಳಿಗೆ ಎದ್ದು ಬರುತ್ತದೆ. ಮತ್ತೆ 1 ಲಕ್ಷ ತುಂಬಿದಾಗ ಅದೇ ಔಷಧಿ ಹೊಡೆದರೆ ಉಳಿದವುಗಳಲ್ಲಿ ನೂರಕ್ಕೆ 86 ಗಟ್ಟಿ ಹುಳುಗಳೇ. ಮೂರನೇ ಸಲಕ್ಕೆ ಔಷಧಿ ನೀರಿನಂತಾಗುತ್ತದೆ. ‘ಹೋದ ಸಲ ಕೆಲಸ ಮಾಡಿತ್ತಲ್ಲ, ಈ ಸಲ ಔಷಧಿಯೇ ಕಲಬೆರಕೆ’ ಎಂದು ಅನ್ನಿಸುವುದು ಈ ಹಂತದಲ್ಲೇ.

ಇದೇ ನೈಸರ್ಗಿಕ ಆಯ್ಕೆ. ಅದಕ್ಕೆ ಮೂರು ಸಂಗತಿ ಕೂಡಿಬಂದರೆ ಸಾಕು: ಒಂದೇ ಜಾತಿಯ ಜೀವಿಗಳ ನಡುವೆ ವ್ಯತ್ಯಾಸವಿರಬೇಕು, ಆ ವ್ಯತ್ಯಾಸ ಮರಿಗಳಿಗೆ ಇಳಿಯಬೇಕು, ಅದರಿಂದಾಗಿ ಕೆಲವು ಹೆಚ್ಚು ಮರಿ ಬಿಡಬೇಕು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಕ್ಕೆ ಬಗ್ಗದ ಕಂದು ಜಿಗಿಹುಳು 2005ರ ಹೊತ್ತಿಗೆ ಏಷ್ಯಾದ ಹಲವು ಕಡೆ ಕಾಣಿಸಿಕೊಂಡದ್ದು ಹೀಗೆಯೇ.

ಹಾಗಾದರೆ ಮಾಡಬೇಕಾದದ್ದೇನು? ಅಂಗಡಿಯಲ್ಲಿ ಬ್ರ್ಯಾಂಡ್ ಬದಲಿಸಿದರೆ ಸಾಲದು, ಔಷಧಿಯ ಗುಂಪು, ಅಂದರೆ ಅದು ಹುಳುವಿನ ಮೇಲೆ ಕೆಲಸ ಮಾಡುವ ಬಗೆ, ಬದಲಾಗಬೇಕು. ಇಮಿಡಾಕ್ಲೋಪ್ರಿಡ್ ಬಿಟ್ಟು ಥಯಾಮಿಥಾಕ್ಸಾಮ್ ತಂದರೆ ಅದೂ ಅದೇ ಗುಂಪಿನದು. ಪೈಮೆಟ್ರೋಜಿನ್, ಬುಪ್ರೊಫೆಜಿನ್ ಬೇರೆ ಗುಂಪಿನವು. ಬುಪ್ರೊಫೆಜಿನ್ ಮರಿಹುಳು ಪೊರೆ ಬಿಡುವುದನ್ನು ತಡೆಯುತ್ತದೆಯೇ ಹೊರತು ಬೆಳೆದ ಹುಳುವನ್ನು ಕೊಲ್ಲುವುದಿಲ್ಲ, ಆದ್ದರಿಂದ ಮರಿಗಳಿದ್ದಾಗಲೇ ಹೊಡೆಯಬೇಕು. ಗದ್ದೆಯ ನೀರು ಬಸಿದು, ಹುಳು ಕೂರುವ ಬುಡಕ್ಕೆ ಸಿಂಪಡಿಸಿ. ತೆನೆಯ ಮೇಲೆ ಹೊಡೆದದ್ದು ವ್ಯರ್ಥ. ಪೈರಿಥ್ರಾಯ್ಡ್ ಜಾತಿಯ ಔಷಧಿ ಬೇಡವೇ ಬೇಡ. ಅದು ಜಿಗಿಹುಳುವನ್ನು ಹಿಡಿದು ತಿನ್ನುವ ಜೇಡಗಳನ್ನು ಮೊದಲು ಮುಗಿಸುತ್ತದೆ. ನಾಟಿ ಮಾಡುವಾಗಲೇ 2–3 ಮೀಟರಿಗೊಮ್ಮೆ ಒಂದು ಅಡಿ ಜಾಗ ಬಿಟ್ಟರೆ ಗಾಳಿ ಬೆಳಕು ಆಡುತ್ತದೆ. ಯೂರಿಯಾವನ್ನು ಒಟ್ಟಿಗೆ ಸುರಿಯದೆ ಕಂತಿನಲ್ಲಿ ಕೊಡಿ. ಪ್ರಮಾಣ ಎರಡು ಪಟ್ಟು ಮಾಡುವುದು ಎಲ್ಲಕ್ಕಿಂತ ಕೆಟ್ಟ ದಾರಿ: ಅರೆಗಟ್ಟಿ ಹುಳುಗಳೂ ಸತ್ತು, ಅತಿ ಗಟ್ಟಿಯಾದವು ಮಾತ್ರ ಬಿತ್ತನೆಗೆ ಉಳಿಯುತ್ತವೆ.

ಪ್ರಶ್ನೆ: ನಮ್ಮ ಕಡೆ ಆದಿಚುಂಚನಗಿರಿ ಸುತ್ತಮುತ್ತ ನವಿಲು ಜಾಸ್ತಿ. ಗಂಡಿನ ಬಾಲ ನೋಡಿದರೆ ನಾಯಿ ಬಂದರೂ ಓಡಲಾರದಷ್ಟು ಭಾರ ಅನ್ನಿಸುತ್ತದೆ. ಬಲಶಾಲಿ ಉಳಿಯುತ್ತದೆ ಅನ್ನುವುದಾದರೆ ಇಂಥ ಬಾಲ ಯಾಕೆ ಅಳಿಯಲಿಲ್ಲ? (ನಾಗಮಂಗಲದ ಓದುಗರು)

ಉತ್ತರ: ಈ ಪ್ರಶ್ನೆ ಡಾರ್ವಿನ್ನರನ್ನೂ ಕಾಡಿತ್ತು. ನವಿಲುಗರಿ ಕಣ್ಣಿಗೆ ಬಿದ್ದರೆ ಸಾಕು, ತಲೆ ಕೆಡುತ್ತದೆ ಎಂಬರ್ಥದ ಮಾತನ್ನು ಅವರು 1860ರಲ್ಲಿ ಗೆಳೆಯರೊಬ್ಬರಿಗೆ ಬರೆದಿದ್ದರು. 1859ರ ಪುಸ್ತಕದಲ್ಲಿ ಚಿಕ್ಕದಾಗಿ ಹೇಳಿದ್ದ ಲೈಂಗಿಕ ಆಯ್ಕೆಯನ್ನು, ಅಂದರೆ ಸಂಗಾತಿಗಾಗಿ ನಡೆಯುವ ಪೈಪೋಟಿಯಿಂದಾಗುವ ಆಯ್ಕೆಯನ್ನು, ಅವರು ವಿಸ್ತಾರವಾಗಿ ಬಿಡಿಸಿ ಬರೆದದ್ದು 1871ರಲ್ಲಿ.

ಮೊದಲು ಗರಿಯನ್ನೇ ನೋಡೋಣ. ನಾವು ಬಾಲ ಅನ್ನುವುದು ನಿಜವಾಗಿ ಬಾಲವಲ್ಲ, ಸೋಗೆ. ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಹೊದಿಕೆ ಗರಿಗಳೇ ಮೀಟರಿಗೂ ಉದ್ದ ಬೆಳೆದು ಸೋಗೆಯಾಗಿವೆ. ನಿಜವಾದ ಬಾಲ ಗಿಡ್ಡ, ಕಂದು ಬಣ್ಣದ್ದು. ನವಿಲು ಕುಣಿಯುವಾಗ ಹಿಂದೆ ಹೋಗಿ ನಿಂತರೆ ಸೋಗೆಗೆ ಊರುಗೋಲಿನಂತೆ ನಿಂತಿರುವುದು ಕಾಣುತ್ತದೆ. ಗರಿಯ ಕಣ್ಣಿನಲ್ಲಿ ಹೊಳೆಯುವ ನೀಲಿ, ಹಸಿರು ಯಾವುದೂ ಬಣ್ಣದ ಪುಡಿಯಲ್ಲ. ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಅತಿ ಸಣ್ಣ ಕಡ್ಡಿಗಳು ಸಾಲಾಗಿ ಜೋಡಣೆಯಾಗಿವೆ. ಅವುಗಳ ನಡುವಿನ ಅಂತರ ಬದಲಾದಂತೆ ಹೊಳೆಯುವ ಬಣ್ಣವೂ ಬದಲಾಗುತ್ತದೆ. ಬಿದ್ದ ಗರಿಯೊಂದನ್ನು ಬೆಳಕಿನಲ್ಲಿ ಮೆಲ್ಲಗೆ ಹೊರಳಿಸಿ, ಬಣ್ಣ ಜಾರುವುದು ಕಾಣುತ್ತದೆ. ಇಷ್ಟೆಲ್ಲ ಕಟ್ಟಿದ ಸೋಗೆಯನ್ನು ನವಿಲು ಮಳೆಗಾಲ ಕಳೆಯುತ್ತಿದ್ದಂತೆ ಉದುರಿಸಿ, ಮುಂದಿನ ಮಳೆಯ ಹೊತ್ತಿಗೆ ಮತ್ತೆ ಬೆಳೆಸುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ. ‘ಬಲಶಾಲಿ ಉಳಿಯುತ್ತದೆ’ ಎಂಬ ಮಾತಿನಲ್ಲೇ ತೊಡಕಿದೆ. ವಿಕಾಸದ ಲೆಕ್ಕಕ್ಕೆ ಬರುವುದು ಎಷ್ಟು ವರ್ಷ ಬದುಕಿತು ಎಂಬುದಲ್ಲ, ಎಷ್ಟು ಮರಿಗಳನ್ನು ಬಿಟ್ಟುಹೋಯಿತು ಎಂಬುದು. ಗಿಡ್ಡ ಸೋಗೆಯ ಗಂಡು 8 ವರ್ಷ ಬದುಕಿ 6 ಮರಿಗಳಿಗೆ ತಂದೆಯಾಯಿತು, ಉದ್ದ ಸೋಗೆಯದು 4 ವರ್ಷಕ್ಕೇ ನಾಯಿಯ ಬಾಯಿಗೆ ಸಿಕ್ಕರೂ 12 ಮರಿಗಳಿಗೆ ತಂದೆಯಾಯಿತು ಎಂದುಕೊಳ್ಳಿ. ಮುಂದಿನ ಪೀಳಿಗೆಯಲ್ಲಿ ಉದ್ದ ಸೋಗೆಯೇ ಹೆಚ್ಚು. ಗಂಡು ನವಿಲು ಮೊಟ್ಟೆಗೆ ಕಾವು ಕೊಡುವುದಿಲ್ಲ, ಮರಿ ಸಾಕುವುದಿಲ್ಲ. ಹೆಣ್ಣು ಹಲವು ಗಂಡುಗಳ ಕುಣಿತ ನೋಡಿ ಒಂದನ್ನು ಆರಿಸುತ್ತದೆ. ಹೀಗಾಗಿ ಕೆಲವೇ ಗಂಡುಗಳಿಗೆ ಹೆಚ್ಚಿನ ಕೂಟ ಸಿಗುತ್ತದೆ, ಹಲವಕ್ಕೆ ಒಂದೂ ಇಲ್ಲ. ಪೈಪೋಟಿ ಇಷ್ಟು ಬಿರುಸಾಗಿರುವಲ್ಲಿ ಅಲಂಕಾರ ಬೆಳೆಯುವುದು ಸಹಜ.

ಹೆಣ್ಣು ಆರಿಸುತ್ತದೆ ಎಂಬುದಕ್ಕೆ ಸಾಕ್ಷಿ ಏನು? ಎಲ್ಲಕ್ಕಿಂತ ಸ್ವಚ್ಛವಾದ ಪರೀಕ್ಷೆ ನಡೆದದ್ದು ನವಿಲಿನ ಮೇಲಲ್ಲ, ಕೀನ್ಯಾದ ಹುಲ್ಲುಗಾವಲಿನ ವಿಡೋಬರ್ಡ್ ಎಂಬ ಪುಟ್ಟ ಹಕ್ಕಿಯ ಮೇಲೆ. ಗಂಡಿನ ಬಾಲ ಸುಮಾರು ಅರ್ಧ ಮೀಟರ್ ಉದ್ದ. ಸ್ವೀಡನ್ನಿನ ಮಾಲ್ಟೆ ಆಂಡರ್ಸನ್ 36 ಗಂಡುಗಳನ್ನು ನಾಲ್ಕು ನಾಲ್ಕರ 9 ಗುಂಪು ಮಾಡಿದರು. ಪ್ರತಿ ಗುಂಪಿನಲ್ಲಿ ಒಂದರ ಬಾಲ ಕತ್ತರಿಸಿ, ಆ ತುಂಡನ್ನು ಇನ್ನೊಂದರ ಬಾಲಕ್ಕೆ ಅಂಟಿಸಿ ಉದ್ದ ಮಾಡಿದರು. ಮೂರನೆಯದರ ಬಾಲವನ್ನು ಕತ್ತರಿಸಿ ಅದಕ್ಕೇ ಮರಳಿ ಅಂಟಿಸಿದರು, ನಾಲ್ಕನೆಯದನ್ನು ಮುಟ್ಟಲಿಲ್ಲ. ಈ ಮೂರನೆಯದರಲ್ಲೇ ಪ್ರಯೋಗದ ಜಾಣತನವಿದೆ. ಅದಿಲ್ಲದಿದ್ದರೆ, ಕತ್ತರಿ ಅಂಟಿನ ಕಿರಿಕಿರಿಯಿಂದಲೇ ಫಲಿತಾಂಶ ಹೀಗಾಯಿತು ಎಂದು ಯಾರಾದರೂ ಹೇಳಬಹುದಿತ್ತು. 1982ರಲ್ಲಿ ಪ್ರಕಟವಾದ ಫಲಿತಾಂಶ: ಉದ್ದ ಮಾಡಿದ ಬಾಲದ ಗಂಡುಗಳ ಪ್ರದೇಶಕ್ಕೇ ಹೆಚ್ಚು ಹೆಣ್ಣುಗಳು ಬಂದು ಗೂಡು ಕಟ್ಟಿದವು. ಅಂದರೆ, ಹುಟ್ಟಿನಿಂದ ಬಂದದ್ದಕ್ಕಿಂತ ಉದ್ದದ ಬಾಲಕ್ಕೂ ಹೆಣ್ಣು ಮನಸೋಲುತ್ತದೆ.

ನವಿಲಿನ ವಿಷಯ ಇಷ್ಟು ಸಲೀಸಲ್ಲ. ಇಂಗ್ಲೆಂಡಿನಲ್ಲಿ ಮ್ಯಾರಿಯನ್ ಪೆಟ್ರಿ ಮತ್ತು ಸಂಗಡಿಗರು, ಸೋಗೆಯಲ್ಲಿ ಹೆಚ್ಚು ಕಣ್ಣುಗಳಿದ್ದ ಗಂಡಿಗೆ ಹೆಚ್ಚು ಕೂಟ ಸಿಗುವುದನ್ನೂ, ಕಣ್ಣುಗಳನ್ನು ಕತ್ತರಿಸಿ ತೆಗೆದರೆ ಅದು ಇಳಿಯುವುದನ್ನೂ 1990ರ ದಶಕದಲ್ಲಿ ತೋರಿಸಿದರು. ಜಪಾನಿನಲ್ಲಿ ಏಳು ವರ್ಷ ನೋಡಿದ ತಂಡಕ್ಕೆ ಅಂಥ ಸಂಬಂಧ ಕಾಣಲಿಲ್ಲ ಎಂದು 2008ರಲ್ಲಿ ವರದಿಯಾಯಿತು. ಸೋಗೆ ನಾವಂದುಕೊಂಡಷ್ಟು ಹೊರೆಯೂ ಅಲ್ಲ: ಸೋಗೆ ಇದ್ದಾಗ, ತೆಗೆದಾಗ ನವಿಲು ನೆಲದಿಂದ ಮೇಲೇಳುವುದನ್ನು ಅಳೆದರೆ ದೊಡ್ಡ ವ್ಯತ್ಯಾಸವೇನೂ ಸಿಗಲಿಲ್ಲ. ಆದರೆ ಪ್ರತಿವರ್ಷ ಅದನ್ನು ಬೆಳೆಸುವ ಖರ್ಚು, ಹೊತ್ತುಕೊಂಡು ಬೇಟೆಗಾರನ ಕಣ್ಣಿಗೆ ಬೀಳುವ ಅಪಾಯ ಇದ್ದೇ ಇದೆ.

ಹೆಣ್ಣಿಗೆ ಈ ಆಯ್ಕೆಯಿಂದ ಏನು ಲಾಭ? ಒಂದು ವಾದ 1930ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫಿಶರ್ ಬಿಡಿಸಿ ಹೇಳಿದ್ದು: ಉದ್ದ ಸೋಗೆ ಮೆಚ್ಚುವ ಹೆಣ್ಣಿನ ಗಂಡುಮಕ್ಕಳಿಗೆ ಉದ್ದ ಸೋಗೆಯೂ, ಹೆಣ್ಣುಮಕ್ಕಳಿಗೆ ಅದೇ ಮೆಚ್ಚಿಕೆಯೂ ಇಳಿಯುತ್ತವೆ. ಎರಡೂ ಒಂದನ್ನೊಂದು ಎಳೆದುಕೊಂಡು ಓಡುತ್ತವೆ. ಇನ್ನೊಂದು 1975ರಲ್ಲಿ ಇಸ್ರೇಲಿನ ವಿಜ್ಞಾನಿ ಜಹಾವಿ ಮುಂದಿಟ್ಟದ್ದು: ಇಷ್ಟು ದುಬಾರಿ ಅಲಂಕಾರ ಹೊತ್ತೂ ಬದುಕಿರುವ ಗಂಡು ನಿಜಕ್ಕೂ ಗಟ್ಟಿ, ರೋಗಿಷ್ಟ ಗಂಡು ಆ ವೇಷ ಹಾಕಲಾರದು. ಎರಡರಲ್ಲಿ ಒಂದೇ ಸರಿ ಎಂದು ಹಟ ಹಿಡಿಯಬೇಕಿಲ್ಲ, ಎರಡೂ ಒಟ್ಟಿಗೆ ನಡೆಯಬಹುದು.

ಅಲಂಕಾರ, ಪೈಪೋಟಿ ಗಂಡಿಗೇ ಮೀಸಲು ಎಂದೂ ತಿಳಿಯಬೇಡಿ. ಕೆರೆಗಳ ತಾವರೆ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿಯಲ್ಲಿ ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಗಂಡು. ಅಲ್ಲಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು, ಗಂಡುಗಳಿಗಾಗಿ ಕಾದಾಡುವುದೂ ಹೆಣ್ಣೇ.

ಪ್ರಶ್ನೆ: ಎಂಟನೇ ತರಗತಿ ಮಕ್ಕಳಿಗೆ ಇದನ್ನೆಲ್ಲ ಒಂದು ಪಿರಿಯಡ್‌ನಲ್ಲಿ ಮಾಡಿ ತೋರಿಸುವ ದಾರಿ ಇದೆಯೇ? (ಮೈಸೂರಿನ ಶಾಲಾ ಶಿಕ್ಷಕಿ)

ಉತ್ತರ: ಇದೆ, ಖರ್ಚೂ ಇಲ್ಲ. ಕಚೇರಿಯ ಪಂಚಿಂಗ್ ಮಿಷನ್‌ನಿಂದ ನಾಲ್ಕು ಬಣ್ಣದ ಕಾಗದದ ಚುಕ್ಕಿಗಳನ್ನು ಮಾಡಿಕೊಳ್ಳಿ. ಒಂದು ಕೆಂಪು ಇರಲಿ, ಉಳಿದ ಮೂರು ಹಾಸುವ ಬಟ್ಟೆಯಲ್ಲೇ ಇರುವ ಬಣ್ಣಗಳಾಗಲಿ. ಕೆಂಪಿಲ್ಲದ, ಹೂಬಳ್ಳಿ ಒತ್ತೊತ್ತಾಗಿರುವ ಹಾಸಿಗೆ ಬಟ್ಟೆಯೊಂದನ್ನು ನೆಲಕ್ಕೆ ಹಾಸಿ, ಬಣ್ಣಕ್ಕೆ 25ರಂತೆ 100 ಚುಕ್ಕಿ ಚೆಲ್ಲಿ. ನಾಲ್ವರು ಮಕ್ಕಳು ಹಕ್ಕಿಗಳು. ಅವರು ಬೆನ್ನು ತಿರುಗಿಸಿ ನಿಂತು, ಚಪ್ಪಾಳೆ ಹೊಡೆದಾಗ ತಿರುಗಿ, ಮೊದಲು ಕಣ್ಣಿಗೆ ಬಿದ್ದ ಒಂದನ್ನು ಎತ್ತಿ ಮತ್ತೆ ಬೆನ್ನು ತಿರುಗಿಸಬೇಕು. ಒಟ್ಟು 75 ಹೋದ ಮೇಲೆ ನಿಲ್ಲಿಸಿ. ಉಳಿದ 25ರಲ್ಲಿ ಒಂದೊಂದಕ್ಕೂ ಅದೇ ಬಣ್ಣದ 3 ಮರಿ ಸೇರಿಸಿದರೆ ಮತ್ತೆ 100. ಮೂರು ಪೀಳಿಗೆ ನಡೆಸಿ, ಪ್ರತಿ ಸಲದ ಎಣಿಕೆಯನ್ನು ಬೋರ್ಡಿನ ಮೇಲೆ ಬರೆಸಿ.

ಆಟ ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಕಾಳುಗಳನ್ನು ಬಳಸಿದರೆ ಗಾತ್ರದ ವ್ಯತ್ಯಾಸ ಬಣ್ಣದ ವ್ಯತ್ಯಾಸವನ್ನು ನುಂಗುತ್ತದೆ. ಮಕ್ಕಳು ಕೂತು ಬಾಚಿ ಎತ್ತಿದರೆ ಕಣ್ಣಿನ ಆಯ್ಕೆ ಹೋಗಿ ಕೈಯ ಆಯ್ಕೆಯಾಗುತ್ತದೆ. ಫ್ಯಾನ್ ಆರಿಸುವುದನ್ನು ಮರೆತರೆ ಚುಕ್ಕಿಗಳೇ ಹಾರಿಹೋಗುತ್ತವೆ.

ಈಗ ಲೈಂಗಿಕ ಆಯ್ಕೆ ಸೇರಿಸಿ. ಹೆಣ್ಣುಗಳಿಗೆ ಕೆಂಪು ಇಷ್ಟ ಎಂಬ ನಿಯಮ: ಉಳಿದ ಪ್ರತಿ ಕೆಂಪಿಗೆ 2 ಮರಿ, ಬೇರೆ ಬಣ್ಣಕ್ಕೆ 1 ಮರಿ. 75 ಎತ್ತಿಸಿದಾಗ ಕೆಂಪು 3 ಮಾತ್ರ ಉಳಿದರೆ ಅದು 9 ಆಗುತ್ತದೆ, ಉಳಿದ 22 ಹೋಗಿ 44. ಕೆಂಪಿನ ಪಾಲು ನೂರಕ್ಕೆ 25ರಿಂದ 17ಕ್ಕೆ ಇಳಿಯಿತು. ಬಣ್ಣಕ್ಕೆ 25ರಂತೆ ಹೊಸದಾಗಿ 100 ಚೆಲ್ಲಿ 40 ಮಾತ್ರ ಎತ್ತಿಸಿ. ಆಗ 60ರಲ್ಲಿ ಕೆಂಪು 12 ಉಳಿಯಿತು ಎನ್ನೋಣ. ಅದು 36, ಬೇರೆಯವು 96, ಕೆಂಪಿನ ಪಾಲು ನೂರಕ್ಕೆ 25ರಿಂದ 27ಕ್ಕೆ ಏರಿತು. ಹೆಣ್ಣಿನ ಮೆಚ್ಚಿಕೆ ಅಷ್ಟೇ ಇದ್ದರೂ ಬೇಟೆ ಕಡಿಮೆಯಾದಾಗ ಅಲಂಕಾರ ಏರುತ್ತದೆ.

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಹೊಳೆಗಳಲ್ಲಿ ವಿಜ್ಞಾನಿ ಜಾನ್ ಎಂಡ್ಲರ್ ಕಂಡದ್ದು ಇದನ್ನೇ. ನಮ್ಮ ತೊಟ್ಟಿ, ಬಾವಿಗಳಿಗೆ ಸೊಳ್ಳೆ ಮರಿ ತಿನ್ನಲೆಂದು ಬಿಡುವ ಗಪ್ಪಿ ಮೀನಿನ ತವರು ಆ ಕಡೆಯದು. ಗಂಡು ಗಪ್ಪಿಗೆ ಬಣ್ಣದ ಚುಕ್ಕೆಗಳಿವೆ, ಹೆಣ್ಣು ಸಪ್ಪೆ. ದೊಡ್ಡ ಬೇಟೆಗಾರ ಮೀನುಗಳಿದ್ದ ಹೊಳೆಯಿಂದ ಗಪ್ಪಿಗಳನ್ನು ತಂದು, ಅಂಥ ಮೀನಿಲ್ಲದ ತೊರೆಗೆ ಬಿಟ್ಟರು. ಸುಮಾರು ಎರಡೇ ವರ್ಷದಲ್ಲಿ ಗಂಡುಗಳ ಚುಕ್ಕೆ ಹೆಚ್ಚಾದವು, ದೊಡ್ಡದಾದವು. ಸಾಧ್ಯವಾದರೆ ಒಂದು ಗಾಜಿನ ಬಾಟಲಿಯಲ್ಲಿ ಗಂಡು ಹೆಣ್ಣು ಗಪ್ಪಿಗಳನ್ನು ತಂದು ತೋರಿಸಿ. ಹೆಣ್ಣಿನ ಎದುರು ಮೈ ಬಾಗಿಸಿ ನಡುಗುವ ಗಂಡನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಆಮೇಲೆ ಮೀನುಗಳನ್ನು ಕೆರೆಗೆ ಸುರಿಯಬೇಡಿ, ಅಲ್ಲಿ ನಾಡ ಮೀನುಗಳ ಜಾಗ ಹಿಡಿಯುತ್ತವೆ.

ಪ್ರಶ್ನೆ: ದಸರಾ ಆನೆಗಳ ದಂತ ಆಗಾಗ ಕತ್ತರಿಸುತ್ತಾರಲ್ಲ, ಮುಂದೆ ಅವುಗಳ ಮರಿಗಳು ದಂತವಿಲ್ಲದೆ ಹುಟ್ಟುತ್ತವೆಯೇ? (ಮೈಸೂರಿನ ವಿದ್ಯಾರ್ಥಿ)

ಉತ್ತರ: ಇಲ್ಲ. ಎಷ್ಟೋ ತಲೆಮಾರಿನಿಂದ ನಮ್ಮಲ್ಲಿ ಕಿವಿ ಚುಚ್ಚುತ್ತಿದ್ದಾರೆ, ಚುಚ್ಚಿದ ಕಿವಿಯೊಂದಿಗೆ ಯಾವ ಕೂಸೂ ಹುಟ್ಟಿಲ್ಲ. ಬದುಕಿನಲ್ಲಿ ದೇಹಕ್ಕಾದ ಗಾಯ ಮರಿಗೆ ಇಳಿಯುವುದಿಲ್ಲ. ಆದರೆ ದಂತವಿದ್ದವನ್ನೇ ಆರಿಸಿ ಕೊಂದರೆ ಕತೆ ಬೇರೆ. ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದಲ್ಲಿ 1977ರಿಂದ 1992ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ದಂತಕ್ಕಾಗಿ ಆನೆಗಳ ಮಾರಣಹೋಮವೇ ನಡೆಯಿತು. ಮೊದಲು ಐದರಲ್ಲಿ ಒಂದಕ್ಕಿಂತ ಕಡಿಮೆಯಿದ್ದ ದಂತರಹಿತ ಹೆಣ್ಣಾನೆಗಳ ಪಾಲು ಆಮೇಲೆ ಎರಡರಲ್ಲಿ ಒಂದರಷ್ಟಕ್ಕೆ ಏರಿತು. ಆಫ್ರಿಕಾದಲ್ಲಿ ಹೆಣ್ಣಿಗೂ ದೊಡ್ಡ ದಂತವಿರುತ್ತದೆ, ನಮ್ಮಲ್ಲಿ ಗಂಡಿಗೆ ಮಾತ್ರ. ನಮ್ಮ ಕಾಡುಗಳಲ್ಲಿ ದಂತವಿಲ್ಲದೆ ಹುಟ್ಟುವ ಗಂಡಾನೆಯನ್ನು ಮಖ್ನಾ ಎನ್ನುತ್ತಾರೆ.

ಪ್ರಶ್ನೆ: ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದೂ ಹಾರುವುದಿಲ್ಲ. ಗಂಡು ಮಾತ್ರ ರೆಕ್ಕೆ ಪಟಪಟ ಬಡಿಯುತ್ತದೆ, ಯಾಕೆ? (ಮಳವಳ್ಳಿಯ ರೇಷ್ಮೆ ಬೆಳೆಗಾರರು)

ಉತ್ತರ: ಅದರ ಕಾಡು ಬಂಧು ಈಗಲೂ ಹಾರುತ್ತದೆ. ಸಾವಿರಾರು ವರ್ಷ ಮನುಷ್ಯ ಗೂಡಿನ ತೂಕ, ನೂಲಿನ ಉದ್ದ ನೋಡಿಯೇ ತಳಿ ಉಳಿಸಿಕೊಂಡು ಬಂದ. ಹಾರಲಾರದ ಚಿಟ್ಟೆಗೆ ತಟ್ಟೆಯ ಮೇಲೆ ಯಾವ ನಷ್ಟವೂ ಇರಲಿಲ್ಲ, ಹಾರಿಹೋದದ್ದು ಬಿತ್ತನೆಗೆ ಸಿಗಲಿಲ್ಲ. ಹೀಗೆ ಹಾರಾಟ ಕಳೆದುಹೋಯಿತು. ಆದರೆ ಸಂಗಾತಿ ಹುಡುಕುವ ಸಜ್ಜು ಹಾಗೆಯೇ ಉಳಿದಿದೆ. ಹೆಣ್ಣು ಒಂದೆಡೆ ಕೂತು ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿ ವಾಸನೆ ಬಿಡುತ್ತದೆ. ಆ ವಸ್ತುವೇ ಬಾಂಬಿಕಾಲ್. 1959ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಬುಟೆನಾಂಟ್ ಅದರ ರಚನೆ ಕಂಡುಹಿಡಿದರು. ಕೀಟಗಳ ಇಂಥ ವಾಸನೆಗಳಲ್ಲಿ ಮೊದಲು ಗುರುತಾದದ್ದು ಇದೇ, ಅದಕ್ಕೆ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳು ಬೇಕಾದವು. ಗಂಡಿನ ಮೀಸೆ ಬಾಚಣಿಗೆಯಂತೆ ಕವಲೊಡೆದು ಅಗಲವಾಗಿರುವುದು ಆ ವಾಸನೆ ಹಿಡಿಯಲೆಂದೇ. ಮೊದಲು ಹಿಡಿದ ಗಂಡಿಗೇ ಹೆಣ್ಣು ಸಿಗುತ್ತಿದ್ದ ಕಾಲದ ಬಳುವಳಿ ಅದು. ರೆಕ್ಕೆ ಬಡಿದಾಗ ಮುಂದಿನ ಗಾಳಿ ಮೀಸೆಯ ಮೇಲೆ ಹಾಯುತ್ತದೆ. ಪರೀಕ್ಷಿಸಬೇಕೆಂದರೆ ಹೆಣ್ಣು ಕೂತಿದ್ದ ಕಾಗದದ ತುಂಡನ್ನು ಗಂಡುಗಳ ತಟ್ಟೆಯ ಹತ್ತಿರ ಹಿಡಿಯಿರಿ. ಹೆಣ್ಣು ಅಲ್ಲಿಲ್ಲದಿದ್ದರೂ ಗಂಡುಗಳು ರೆಕ್ಕೆ ಬಡಿಯುತ್ತ ಸುತ್ತತೊಡಗುತ್ತವೆ.